ಮುರಿದ ಕಾಲಿಗೆ ಸಮುದ್ರಸ್ನಾನ

ಕೋಸಗಿಯಲ್ಲಿ ಯಾರಾದರೂ ನೀರಿಗಿಳಿದರೆ ಜನ ಬೆರಗಾಗುವುದಿಲ್ಲ. ಇಳಿಯುವಷ್ಟು ನೀರು ಎಲ್ಲಿ ಸಿಕ್ಕಿತು ಎಂದು ಬೆರಗಾಗುತ್ತಾರೆ. ಸುತ್ತ ಬಂಡೆಗುಡ್ಡ, ಹೊಲದಲ್ಲಿ ಹತ್ತಿ, ಶೇಂಗಾ. ಮಳೆ ಬಂದರೆ ಬಂತು. ಇಂಥ ಊರಿನವನು ಸ್ಕೂಬಾ ಡೈವಿಂಗ್ ಕಲಿತದ್ದನ್ನು ನಮ್ಮ ದೊಡ್ಡವ್ವ ಇವತ್ತಿಗೂ ಒಂದು ಬಗೆಯ ಕಾಯಿಲೆ ಎಂದೇ ನಂಬಿದ್ದಾಳೆ. ಸಮುದ್ರದಲ್ಲಿ ನನಗೆ ಒಂದು ಗೀರೂ ಆಗಿರಲಿಲ್ಲ. ಕಾಲು ಮುರಿದದ್ದು ಒಣ ನೆಲದಲ್ಲಿ, ಸ್ಟೇಷನ್ ರಸ್ತೆಯಲ್ಲಿ, ತನ್ನ ಪಾಡಿಗೆ ತಾನು ನಿಂತಿದ್ದ ಒಂದು ಎಮ್ಮೆಯ ದೆಸೆಯಿಂದ. ನಾನು ಬೈಕಿನ ಸಮೇತ ಬಿದ್ದೆ. ಎಮ್ಮೆ ತಿರುಗಿ ಕೂಡ ನೋಡಲಿಲ್ಲ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ನಮ್ಮ ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆ ಬಿಟ್ಟು ಆ ಕಡೆ ಸೇರಿದವು. ಜನ ಮಾತ್ರ ಇದ್ದಲ್ಲೇ ಇದ್ದರು. ಅದರ ಫಲವಾಗಿ ನಮ್ಮ ಕಡೆ ಮುರಿದ ಕಾಲಿಗೆ ಎರಡು ಭಾಷೆಯಲ್ಲಿ ಸಲಹೆ ಸಿಗುತ್ತದೆ. ಡಾಕ್ಟರು ರಾಡ್ ಹಾಕಿ, ಹೊಲಿಗೆಯನ್ನೂ ಬಿಚ್ಚಿ ಕಳಿಸಿದ ಮೇಲೂ ತೆಲುಗಿನವರು ಪುತ್ತೂರು ಕಟ್ಟಿನ ಮಹಿಮೆ ಹೇಳಿದರು. ತಿರುಪತಿ ಹತ್ತಿರದ ಆ ಪುತ್ತೂರಿನಲ್ಲಿ ಸೊಪ್ಪಿನ ರಸ, ಮೊಟ್ಟೆಯ ಬಿಳಿ ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತುತ್ತಾರೆ. ಒಳಗಿರುವ ರಾಡನ್ನು ಏನು ಮಾಡುವುದು ಎಂದರೆ, 'ಅದು ಅದರ ಪಾಡಿಗೆ ಇರಲಿ' ಎಂದರು. ಕನ್ನಡದವರದು ಆಡಿನ ಕಾಲಿನ ಸೂಪು. ಕುಡಿದೆ. ಆಡಿಗೇ ಒದಗದ ಕಾಲು ನನಗೆಷ್ಟು ಒದಗೀತು ಎಂಬ ಅನುಮಾನವನ್ನು ಬಾಯಿಬಿಟ್ಟು ಹೇಳಲಿಲ್ಲ.

ಮತ್ತೆ ಸಮುದ್ರಕ್ಕಿಳಿಯಬೇಕಾದರೆ ಮೊದಲು ಒಂದು ಫಾರಂ ತುಂಬಬೇಕು. ಕಳೆದ 12 ತಿಂಗಳಲ್ಲಿ ಆಪರೇಷನ್ ಆಗಿದೆಯೇ ಎಂದು ಅದು ಕೇಳುತ್ತದೆ. ಹೌದು ಎಂದರೆ ಡಾಕ್ಟರ ಸಹಿ ಬೇಕು. ಡಾಕ್ಟರು ಎಕ್ಸ್‌ರೇ ನೋಡಿ, 'ಎಲುಬು ಕೂಡಿದೆ, ತೊಡೆಯಲ್ಲಿ ಶಕ್ತಿ ಇಲ್ಲ' ಎಂದರು. ನಿಜ. ಪ್ಯಾಂಟಿನ ಬಲಗಾಲು ಗಾಳಿಗೆ ಹಾರಾಡುತ್ತಿತ್ತು. ಕಣಕಾಲಿಗೆ ಮರಳಿನ ಚೀಲ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತು ಕಾಲೆತ್ತಿ ಇಳಿಸತೊಡಗಿದೆ. ದಾರಿಯಲ್ಲಿ ಹೋಗುವವರು ನಿಂತು ಹರಕೆಯೇ ಎಂದು ಕೇಳುತ್ತಿದ್ದರು. ಮಳೆ ಬಿದ್ದು ತೋಟದ ಬಾವಿಗೆ ನೀರು ಬಂದ ಮೇಲೆ ಅಲ್ಲಿ ಈಜು. ಬೆನ್ನಿಗೆ ಬೆಂಡು ಕಟ್ಟಿಕೊಂಡ ಪುಟ್ಟ ಹುಡುಗನೊಬ್ಬ ನನ್ನನ್ನು ದಾಟಿ ಮುಂದೆ ಹೋಗಿ, 'ಮಾವಾ, ನಿನಗೂ ಒಂದು ಬೆಂಡು ತರಲಾ?' ಎಂದ. 2022ರಲ್ಲಿ 'ಗಂಧದ ಗುಡಿ' ನೋಡಿ, ಅಪ್ಪು ನೀರಿಗಿಳಿದದ್ದಕ್ಕೆ ಸೀಟಿ ಹೊಡೆದಿದ್ದ ಹುಡುಗರಷ್ಟೇ ಊರಲ್ಲಿ ನನ್ನ ಪಕ್ಷ.

ಮಳೆಗಾಲದಲ್ಲಿ ನೇತ್ರಾಣಿಯಲ್ಲಿ ಡೈವಿಂಗ್ ಬಂದ್. ಅದು ಮುಗಿಯುವುದನ್ನೇ ಕಾದು, ಡಾಕ್ಟರ ಸಹಿ ಹಿಡಿದು, ಗುಂತಕಲ್ಲು, ಬಳ್ಳಾರಿ, ಹುಬ್ಬಳ್ಳಿ ಎನ್ನುತ್ತ ಘಟ್ಟ ಇಳಿದು ಮುರ್ಡೇಶ್ವರ ಮುಟ್ಟಿದೆ. ನೇತ್ರಾಣಿ ಅಲ್ಲಿನ ದಡದಿಂದ ಸುಮಾರು 19 ಕಿ.ಮೀ. ದೂರದ ದ್ವೀಪ. ಒಂದು ಕಾಲದಲ್ಲಿ ನೌಕಾಪಡೆ ಗುರಿಯಿಟ್ಟು ಹೊಡೆಯುವ ಅಭ್ಯಾಸ ಮಾಡುತ್ತಿದ್ದ ಜಾಗ. ಪೆಟ್ಟು ತಿಂದವರ ಸಂಗ ಒಳ್ಳೆಯದೇ. ದೋಣಿಯಿಂದ ನೀರಿಗೆ ಹೋಗುವುದಕ್ಕೆ ಕಾಲೇ ಬೇಕಿಲ್ಲ. ಅಂಚಿನ ಮೇಲೆ ಕೂತು, ಮಾಸ್ಕನ್ನು ಅಂಗೈಯಿಂದ ಒತ್ತಿ ಹಿಡಿದು, ಬೆನ್ನ ಹಿಂದಕ್ಕೆ ಉರುಳಿದರಾಯಿತು. ಬೀಳುವುದರಲ್ಲಿ ನನಗೆ ಈಗ ಅನುಭವವೂ ಇತ್ತು.

ತೊಂದರೆ ಶುರುವಾದದ್ದು ಒಳಗೆ. ಎಡಗಾಲಿನ ಫಿನ್ ಒದೆಯುತ್ತಿತ್ತು, ಬಲಗಾಲಿನದು ಯೋಚಿಸುತ್ತಿತ್ತು. ನೆಟ್ಟಗೆ ಹೋಗಬೇಕಾದವನು ಬಂಡೆಗೆ ಪ್ರದಕ್ಷಿಣೆ ಹಾಕಿ ಹೊರಟಲ್ಲಿಗೇ ಬಂದೆ. ಹವಳ ಕಚ್ಚಿ ತಿನ್ನುತ್ತಿದ್ದ ಗಿಳಿಮೀನೊಂದು ಕೆಲಸ ನಿಲ್ಲಿಸಿ ನೋಡಿತು. ಎಮ್ಮೆಗಿಂತ ಅದಕ್ಕೆ ಹೆಚ್ಚು ಸೌಜನ್ಯ. ಜೊತೆಗಿದ್ದ ಇನ್‌ಸ್ಟ್ರಕ್ಟರ್ ಕೈಸನ್ನೆಯಲ್ಲೇ ತೋರಿಸಿದ: ಕಪ್ಪೆಯ ಹಾಗೆ ಎರಡೂ ಕಾಲನ್ನು ಮೆಲ್ಲಗೆ ಅಗಲಿಸಿ ಒಮ್ಮೆ ತಳ್ಳು, ಆಮೇಲೆ ಸುಮ್ಮನೆ ಸಾಗು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು, ಉಸಿರೊಂದಕ್ಕೆ ಸಿಲಿಂಡರಿನಿಂದ ಖರ್ಚಾಗುವ ಗಾಳಿಯೂ ಎರಡರಷ್ಟು. ಕಾಲು ಗಟ್ಟಿಯಿದ್ದಾಗ ನಾನು ಸಿಕ್ಕಾಪಟ್ಟೆ ಒದ್ದು, ಏದುಸಿರು ಬಿಟ್ಟು, ಎಲ್ಲರಿಗಿಂತ ಮೊದಲು ಗಾಳಿ ಮುಗಿಸಿಕೊಂಡು ಮೇಲೇಳುತ್ತಿದ್ದೆ. ಈಗ ಒದೆಯುವ ತ್ರಾಣವಿಲ್ಲ, ಹಾಗಾಗಿ ದುಡುಕೂ ಇಲ್ಲ. ಮೇಲೇಳುವ ಮುನ್ನ ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತಾಗ ಗೇಜ್ ನೋಡಿದರೆ, ಪಕ್ಕದ ಪೈಲ್ವಾನ್ ಹುಡುಗನಿಗಿಂತ ನನ್ನಲ್ಲೇ ಹೆಚ್ಚು ಗಾಳಿ!

ಮರ್ಯಾದೆ ಹೋದದ್ದು ಏಣಿಯ ಹತ್ತಿರ. ನೀರಿನೊಳಗೆ ತೂಕವೇ ಇಲ್ಲದ ಸಿಲಿಂಡರು ಹೊರಗೆ ಬಂದ ಕೂಡಲೇ ಸಾಲಗಾರನ ಹಾಗೆ ಬೆನ್ನು ಹಿಡಿಯುತ್ತದೆ. ಅದನ್ನೂ ಸೀಸದ ಬೆಲ್ಟನ್ನೂ ನೀರಲ್ಲೇ ಬಿಚ್ಚಿ ದೋಣಿಯವರ ಕೈಗೆ ಕೊಟ್ಟು, ಎಡಗಾಲನ್ನು ಮೊದಲಿಟ್ಟು, ಇಬ್ಬರು ರಟ್ಟೆ ಹಿಡಿದು ಎಳೆದ ಮೇಲೆ ಹತ್ತಿದೆ.

ಊರಿಗೆ ಬಂದೆ. ಉಗ್ಗಾಣಿ ಬಜ್ಜಿ ಮುಂದಿಟ್ಟು ದೊಡ್ಡವ್ವ ವಿಚಾರಣೆಗೆ ಕೂತಳು.

'ಅಷ್ಟು ದೂರ ಹೋಗಿ ಏನ್ ನೋಡ್ದಿ?'

'ಮೀನು.'

'ಹಿಡಕಂಡು ಬಂದೇನು?'

'ಹಿಡೀಬಾರ್ದು ದೊಡ್ಡವ್ವ, ಮುಟ್ಟಲೂಬಾರ್ದು. ನೋಡ್ಬೇಕು ಅಷ್ಟೆ.'

'ನೋಡಾಕ ಎಷ್ಟು ಕೊಟ್ಟಿ?'

ಹೇಳಿದೆ. ಅವಳು ಬಹಳ ಹೊತ್ತು ಲೆಕ್ಕ ಹಾಕಿದಳು.

'ಆ ರೊಕ್ಕದಾಗ ನಮ್ಮ ಬೋರಿನ ಮೋಟ್ರು ರಿಪೇರಿ ಆಗ್ತಿತ್ತಲ್ಲೋ!'

ಮೋಟ್ರು ಇನ್ನೂ ಕೆಟ್ಟೇ ಇದೆ.