ಬಸ್ಸಾ? ಅದು ಹೊರಗಡೆ ಸಾರ್

ಕಳೆದ ತಿಂಗಳು ಒಂದು ‘ಹಬ್’ಗೆ ಹೋಗಿದ್ದೆ. ಯಾವುದೆಂದು ಕೇಳಬೇಡಿ, ಅಲ್ಲಿನ ಸೆಕ್ಯೂರಿಟಿಯವನ ಕೆಲಸಕ್ಕೆ ಸಂಚಕಾರ ಬಂದೀತು. ಗಾಜಿನ ಬಾಗಿಲು, ಎರಡು ಲಿಫ್ಟು, ಅದರಲ್ಲೊಂದರ ಬಾಗಿಲಿಗೆ ಅಡ್ಡಲಾಗಿ ಪ್ಲಾಸ್ಟಿಕ್ ಕುರ್ಚಿ. “ಬಸ್ಸು ಎಲ್ಲಿ ಬರುತ್ತಪ್ಪಾ?” ಅಂದೆ. ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಬಸ್ಸಾ? ಅದು ಹೊರಗಡೆ ಸಾರ್, ಸಿಗ್ನಲ್ ದಾಟಿ. ಇಲ್ಲಿ ಆಫೀಸುಗಳು ಮಾತ್ರ” ಅಂದ.

ಬೆಂಗಳೂರಿನ ಸಾರಿಗೆ ನೀತಿಯನ್ನು ಇಷ್ಟು ಚುಟುಕಾಗಿ ಯಾವ ತಜ್ಞರೂ ಹೇಳಿಲ್ಲ.

ಮೊಬಿಲಿಟಿ ಹಬ್ ಅಂದರೆ ಬ್ರಹ್ಮವಿದ್ಯೆಯೇನಲ್ಲ. ಬಸ್ಸಿಳಿದವನು ನಾಲ್ಕು ಹೆಜ್ಜೆಯಲ್ಲಿ ರೈಲು ಹತ್ತಬೇಕು, ರೈಲಿಳಿದವಳಿಗೆ ಆಟೊನೋ ಸೈಕಲ್ಲೋ ಕೈಗೆ ಸಿಗಬೇಕು. ಅಷ್ಟಾದರೆ ಸ್ಕೂಟರು ಮನೆಯಲ್ಲೇ ಉಳಿಯುತ್ತದೆ. ಜರ್ಮನಿಯ ಬ್ರೆಮೆನ್ ನಗರ 2003ರಲ್ಲಿ ‘ಮೊಬಿಲ್ ಪುಂಕ್ಟ್’ ಶುರುಮಾಡಿದಾಗ ನೆಟ್ಟಿದ್ದು ಒಂದು ಕಂಬ. ಅದರ ಬುಡದಲ್ಲಿ ಹಂಚಿಕೊಂಡು ಓಡಿಸುವ ಕಾರು, ಸೈಕಲ್ ನಿಲ್ಲಿಸಲು ಜಾಗ, ಹತ್ತಿರದಲ್ಲೇ ಟ್ರಾಮೋ ಬಸ್ಸೋ. ನಮಗೆ ಇದು ಒಗ್ಗುವುದಿಲ್ಲ. ಕಂಬದ ಮೇಲೆ ಘನ ಉಪಸ್ಥಿತಿ, ಅಧ್ಯಕ್ಷತೆ, ವಿಶೇಷ ಆಹ್ವಾನಿತರನ್ನೆಲ್ಲ ಎಲ್ಲಿ ಕೆತ್ತುವುದು?

ಹಾಗಾಗಿ ನಾವು ಕಟ್ಟಡ ಕಟ್ಟಿದೆವು. ಕೇಂದ್ರದ ಜೆ-ನರ್ಮ್ ಯೋಜನೆಯ ದುಡ್ಡು ಬಂದಾಗ ಬಿಎಂಟಿಸಿ ಊರ ಹತ್ತು ಕಡೆ ಟಿಟಿಎಂಸಿ ಎಂಬ ಸಂಚಾರ-ಸಾರಿಗೆ ನಿರ್ವಹಣಾ ಕೇಂದ್ರಗಳನ್ನು ಎಬ್ಬಿಸಿತು. ಕಾರು ಇಲ್ಲಿ ನಿಲ್ಲಿಸಿ, ಬಸ್ಸು ಹತ್ತಿ ಎಂಬುದು ಮೂಲಮಂತ್ರ. ಮಂತ್ರಕ್ಕಿಂತ ಮಹಡಿ ಬಾಡಿಗೆ ಬೇಗ ಫಲಿಸಿತು. ಶಾಂತಿನಗರದ ಟಿಟಿಎಂಸಿಯಲ್ಲಿ ಸಾರಿಗೆ ಆಯುಕ್ತರ ಕಚೇರಿಯೇ ಇದೆ. ಹಾಗಾಗಿ ಅಲ್ಲಿ ಸಂಚಾರವಿಲ್ಲ ಎನ್ನುವಂತಿಲ್ಲ, ಕಡತಗಳು ಮೇಜಿನಿಂದ ಮೇಜಿಗೆ ಸಂಚರಿಸುತ್ತಲೇ ಇರುತ್ತವೆ.

ಪೀಣ್ಯದ ಕಥೆ ಇನ್ನೂ ಸೊಗಸು. ಮೆಜೆಸ್ಟಿಕ್‌ನ ಭಾರ ಇಳಿಸಬೇಕೆಂದು ಸುಮಾರು 40 ಕೋಟಿ ಸುರಿದು ಬಸವೇಶ್ವರ ಬಸ್ ನಿಲ್ದಾಣ ಕಟ್ಟಿದರು. 2014ರಲ್ಲಿ ಟೇಪು ಕತ್ತರಿಸಿದ್ದೂ ಆಯಿತು. ನಿಲ್ದಾಣ ಬಂತು, ಬಸ್ಸು ಬಂತು, ಪ್ರಯಾಣಿಕನೊಬ್ಬ ಮಾತ್ರ ಬರಲಿಲ್ಲ. ಜಯನಗರದವನು ಲಗೇಜು ಹೊತ್ತು ಪೀಣ್ಯಕ್ಕೆ ಹೋಗುವುದು ಹೇಗೆಂಬುದನ್ನು ಅಂದಾಜುಪಟ್ಟಿಯಲ್ಲಿ ಸೇರಿಸಲು ಮರೆತಿದ್ದರು. ಕೊನೆಗೆ ಬಸ್ಸುಗಳೇ ಬೇಜಾರಾಗಿ ಮೆಜೆಸ್ಟಿಕ್‌ಗೆ ವಾಪಸಾದವು. ಆ ಮೆಜೆಸ್ಟಿಕ್ಕೋ, ಧರ್ಮಾಂಬುಧಿ ಕೆರೆಯನ್ನು ನುಂಗಿ ಕೂತದ್ದು. ಹಬ್ ಎಂದು ಯಾರೂ ಹೆಸರಿಡದಿದ್ದರಿಂದಲೇ ಇರಬೇಕು, ಅಲ್ಲಿ ಬಸ್ಸು, ರೈಲು, ಮೆಟ್ರೊ ಮೂರೂ ಸಿಗುತ್ತವೆ.

ಬೈಯಪ್ಪನಹಳ್ಳಿಯಲ್ಲಿ ನಾವು ಪಾಠ ಕಲಿತೆವು ಎಂದುಕೊಳ್ಳಿ. ಸರ್ ಎಂ. ವಿಶ್ವೇಶ್ವರಯ್ಯ ರೈಲು ಟರ್ಮಿನಲ್, ಸುಮಾರು 314 ಕೋಟಿ, ವಿಮಾನ ನಿಲ್ದಾಣವೇ ನಾಚುವಂಥ ತಂಪು. 2022ರ ಜೂನ್‌ನಲ್ಲಿ ರೈಲುಗಳು ಓಡತೊಡಗಿದವು. ಬೈಯಪ್ಪನಹಳ್ಳಿ ಅಂತಲೇ ಮೆಟ್ರೊ ನಿಲ್ದಾಣವೂ ಇದೆಯಲ್ಲ, ಇಳಿದರೆ ಎದುರಿಗೇ ರೈಲು ಎಂದು ನಂಬಿ ಹೊರಟರೆ ಕೆಟ್ಟಿರಿ. ಮೆಟ್ರೊ ಪಕ್ಕದಲ್ಲಿರುವುದು ಹಳೆಯ ಬೈಯಪ್ಪನಹಳ್ಳಿ ಸ್ಟೇಷನ್ನು. ಟರ್ಮಿನಲ್ ಇರುವುದು ಬೇರೊಂದು ಕಡೆ, ನಡುವೆ ಕಿಲೋಮೀಟರುಗಟ್ಟಲೆ ದಾರಿ. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಅತ್ತೆಯವರು ಕಟ್ಟಿಕೊಟ್ಟ ಉಪ್ಪಿನಕಾಯಿ ಡಬ್ಬಿ, ರೈಲಿಗೆ ಇನ್ನು ಇಪ್ಪತ್ತೈದು ನಿಮಿಷ. ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್ ನಿಂತಿದೆ, ಅದರ ಪಕ್ಕ ಎಳನೀರಿನ ಗಾಡಿ, ಆಮೇಲೆ ಫುಟ್‌ಪಾತೇ ಇಲ್ಲ.

ಆಗ ಆಟೊ ಒಂದು ಮೆಲ್ಲಗೆ ಪಕ್ಕಕ್ಕೆ ಬರುತ್ತದೆ. ಯೋಜನಾ ವರದಿಗಳಲ್ಲೆಲ್ಲ ‘ಕೊನೆಯ ಮೈಲಿ ಸಂಪರ್ಕ’ ಎಂದು ಬರೆದಿರುತ್ತಾರಲ್ಲ, ಆ ಸಾಕ್ಷಾತ್ ಸಂಪರ್ಕವೇ ಖಾಕಿ ಅಂಗಿ ತೊಟ್ಟು ತಲೆ ಹೊರಹಾಕಿ ಕೇಳುತ್ತದೆ:

“ಟ್ರೇನ್ ಎಷ್ಟೊತ್ತಿಗೆ ಸಾರ್?”

ಹೇಳಿಬಿಡುತ್ತೀರಿ. ಅದರ ಮೇಲೇ ರೇಟು.