ಗಿಣಿ ಎಳೆದ ಚೀಟಿ

ಇಂಡಿಯ ನಮ್ಮ ಓಣಿಯ ಹುಡುಗನೊಬ್ಬ ನಾಟಕ ಬರೆಯುತ್ತಾನೆ. ಮಾಸ್ತರಿಕೆ ಹಿಡಿಯಬೇಕೋ, ಬೆಂಗಳೂರಿಗೆ ಹೋಗಿ ಧಾರಾವಾಹಿಗೆ ಬರೆಯಬೇಕೋ ಎಂಬುದೇ ಅವನ ಚಿಂತೆ.

ಸಿಂದಗಿ ಸಂತೆಯಲ್ಲಿ ಗಿಣಿಶಾಸ್ತ್ರ ಕೇಳಿದ. ಗಿಣಿ ಎಳೆದ ಚೀಟಿಯಲ್ಲಿ ಲಂಕೆಗೆ ಹಾರುವ ಹನುಮಪ್ಪ. “ದೂರ ಪ್ರಯಾಣ ಐತ್ರಿ!” ಹುಡುಗ ಹಿಗ್ಗಿದ. ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನಲ್ಲಿ ಕಣಿ ಹೇಳುವಾಕೆ, “ಹತ್ತು ಮಂದಿ ಮುಂದ ನಿಂತು ಒದರೂ ಯೋಗ ಐತಿ, ತಮ್ಮಾ” ಅಂದಳು. ಅದು ಮಾಸ್ತರಿಕೆಯೋ, ನಾಟಕವೋ, ಕಂಡಕ್ಟರಿಕೆಯೋ? ಊರಿಗೆ ಬಂದು ಲಿಂಬೆಹಣ್ಣು ಮಂತ್ರಿಸಿಕೊಂಡ. ಇಂಡಿಯಲ್ಲಿ ಲಿಂಬೆಗೇನು ಬರ? ಅಂಗಿಯ ಕಿಸೆ ಹುಳಿಯಾಯಿತು, ಅಷ್ಟೇ.

ಇದೇ ಸೀಮೆಯ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮುಂತಾದ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದರಲ್ಲ, ಅವರು ಕಿವಿಗೊಟ್ಟದ್ದು ಗಿಣಿಗಲ್ಲ, ಬೀಸುವ ಕಲ್ಲಿನ ಮುಂದೆ ಕೂತು ಹಾಡುವ ಅವ್ವಂದಿರಿಗೆ. ಇದನ್ನೆಲ್ಲ ಹೇಳುವಷ್ಟರಲ್ಲಿ ಹುಡುಗ ಚಪ್ಪಲಿ ಮೆಟ್ಟಿಯಾಗಿತ್ತು.

“ಎಲ್ಲಿಗೋ?”

“ಬಸವನ ಬಾಗೇವಾಡಿಗ್ರಿ ಕಾಕಾ, ಮುಹೂರ್ತ ಕೇಳಾಕ.”

“ಹುಚ್ಚಪ್ಪಾ, ಮುಹೂರ್ತದ ಗೊಡವೆನ ಬ್ಯಾಡಂದ ಬಸವಣ್ಣ ಹುಟ್ಟಿದೂರೋ ಅದು!”

“ಅದಕ್ಕ ಹೊಂಟೇನ್ರಿ. ಅಲ್ಲಿ ಜೋಯಿಸರ ಮನ್ಯಾಗ ಪಾಳಿ ಇರಂಗಿಲ್ಲ.”