ಮೋಡಿ ಹಾಕ್ರಿ ಸಾಹೇಬ್ರ

"ಸರ್ವರ್ ಹೋಗೇತ್ರಿ."

ಹದಿನೆಂಟು ವರ್ಷದ ನೌಕರಿಯಲ್ಲಿ ನನ್ನ ಬಾಯಿಂದ ಅತಿ ಹೆಚ್ಚು ಸಲ ಬಂದಿರುವ ಮಾತು ಇದು. "ನಮಸ್ಕಾರ"ಕ್ಕೆ ಎರಡನೇ ಸ್ಥಾನ. ಹೆಂಡತಿಯ ಹೆಸರು ಮೊದಲ ಹತ್ತರಲ್ಲಿ ಇದ್ದೀತು, ಖಾತ್ರಿಯಿಲ್ಲ. ಉತಾರಕ್ಕೆ ಬಂದವರು ಈ ಮಾತು ಕೇಳಿದ ಕೂಡಲೇ, "ಯಾವಾಗ ಬರತೈತ್ರೀ?" ಅನ್ನುತ್ತಾರೆ, ಅದೇನೋ ಹುಬ್ಬಳ್ಳಿಯಿಂದ ಬರಬೇಕಾದ ಬಸ್ಸು ಅನ್ನುವ ಹಾಗೆ. "ಬರತೈತಿ, ಕೂಡ್ರಿ" ಅನ್ನುತ್ತೇನೆ. ಅವರು ಹೊರಗೆ ಬೇವಿನ ಗಿಡದ ಕೆಳಗೆ ಕೂಡುತ್ತಾರೆ, ನಾನು ಒಳಗೆ ಫ್ಯಾನಿನ ಕೆಳಗೆ. ಹಾಗೆ ಕೂತಿದ್ದಕ್ಕೆ ನನಗೆ ಸಂಬಳ ಬರುತ್ತದೆ, ಅವರಿಗೆ ಬರುವುದಿಲ್ಲ.

ಕೂಡುವುದೂ ಒಂದು ವಿದ್ಯೆಯೇ. ನಾನು ನೌಕರಿಗೆ ಸೇರಿದಾಗ ನಮ್ಮಲ್ಲಿದ್ದ ಹಿರಿಯ ಗುಮಾಸ್ತರೊಬ್ಬರು ಇದರಲ್ಲಿ ಸಿದ್ಧಿ ಪಡೆದವರು. ಎದುರಿಗೆ ಯಾವುದೋ ಓಬೀರಾಯನ ಕಾಲದ ಕಡತ ಬಿಚ್ಚಿಕೊಂಡು, ಶಾಯಿ ಪೆನ್ನಿನ ಟೊಪ್ಪಿಗೆ ತೆಗೆದು, ಮೊನೆಯನ್ನು ಕಾಗದಕ್ಕೆ ಊರಿ, ಹುಬ್ಬು ಗಂಟಿಕ್ಕಿಕೊಂಡು ನಿದ್ದೆ ಹೋಗುತ್ತಿದ್ದರು. ಹುಬ್ಬಿನ ಗಂಟು ಕೊನೆಯವರೆಗೂ ಸಡಿಲವಾಗುತ್ತಿರಲಿಲ್ಲ. ಪೆನ್ನಿನ ಮೊನೆಯ ಕೆಳಗೆ ಶಾಯಿ ಮಾತ್ರ ಮೆಲ್ಲಗೆ ಹರಡುತ್ತಿತ್ತು. ಚುಕ್ಕೆ ಸಾಸಿವೆಯಷ್ಟಾದರೆ ಹತ್ತು ನಿಮಿಷ, ಹುರುಳಿಯಷ್ಟಾದರೆ ಅರ್ಧ ತಾಸು. ಅವರು ನಿವೃತ್ತರಾದ ಮೇಲೆ ಆ ಕಡತಗಳನ್ನು ತಿರುವಿ ಹಾಕಿದ್ದೇನೆ. ಒಂದರಲ್ಲಿ ಅವರೆಕಾಳಿನಷ್ಟು ದೊಡ್ಡ ಚುಕ್ಕೆ ಇದೆ, ಕೆಳಗೆ ಸಹಿಯೂ ಇದೆ.

ನನಗೆ ಆ ಯೋಗ ಇಲ್ಲ. ಕಣ್ಣು ಮುಚ್ಚಿದರೆ ಗೊರಕೆ ಬರುತ್ತದೆ.

ಒಂದು ದಿನ ಹೀಗೇ ಕೂತಾಗ ಲೆಕ್ಕ ಹಾಕಿದೆ. ದಿನಕ್ಕೆ ಒಂದೂವರೆ ತಾಸು ವ್ಯರ್ಥ, ವರ್ಷಕ್ಕೆ 240 ದಿನ ಅಂತ ಹಿಡಿದರೂ 360 ತಾಸು. ಹದಿನೆಂಟು ವರ್ಷಕ್ಕೆ 6,480 ತಾಸು. ರಾತ್ರಿ ಹಗಲು ಸೇರಿಸಿ 270 ದಿನ! ಎಂಥ ಹೊತ್ತು ಹಾಳಾಯಿತಲ್ಲ ಎಂದು ಎದೆ ಧಸಕ್ಕೆಂದಿತು. (ಈ ಲೆಕ್ಕಕ್ಕೇ ಒಂದು ಮಧ್ಯಾಹ್ನ ಹಿಡಿಯಿತು, ಅದನ್ನು ಸೇರಿಸಿಲ್ಲ.)

ಗುಮಾಸ್ತಿಕೆ ಮಾಡುತ್ತಲೇ ಲೋಕ ಗೆದ್ದವರಿಗೆ ಬರವಿಲ್ಲ. ಶ್ರೀನಿವಾಸ ರಾಮಾನುಜನ್ 1912ರಲ್ಲಿ ಮದ್ರಾಸ್ ಬಂದರು ಕಚೇರಿಯಲ್ಲಿ ತಿಂಗಳಿಗೆ ಮೂವತ್ತು ರೂಪಾಯಿ ಸಂಬಳದ ಗುಮಾಸ್ತ. ಮರುವರ್ಷದ ಜನವರಿಯಲ್ಲಿ ಕೇಂಬ್ರಿಜ್‌ನ ಹಾರ್ಡಿಗೆ ಬರೆದ ಹೆಸರಾಂತ ಪತ್ರದಲ್ಲಿ ಗಣಿತಕ್ಕಿಂತ ಮೊದಲು ತಾನು ಲೆಕ್ಕಪತ್ರ ವಿಭಾಗದ ಗುಮಾಸ್ತ ಎಂದೂ ಸಂಬಳ ವರ್ಷಕ್ಕೆ ಇಪ್ಪತ್ತು ಪೌಂಡು ಎಂದೂ ತಿಳಿಸಿದ್ದಾರೆ. ಹುದ್ದೆ, ವಿಭಾಗ, ಸಂಬಳ ಹೇಳಿ ಆಮೇಲೆ ವಿಷಯಕ್ಕೆ ಬರುವುದು, ಅಪ್ಪಟ ನಮ್ಮವರ ಪದ್ಧತಿ! ಐನ್‌ಸ್ಟೈನ್ 1905ರಲ್ಲಿ ಸಾಪೇಕ್ಷತೆಯ ಲೇಖನ ಬರೆದಾಗ ಬರ್ನ್‌ನ ಪೇಟೆಂಟ್ ಕಚೇರಿಯ ನೌಕರ. ನಮ್ಮ ಸಿ.ವಿ. ರಾಮನ್ ಕೂಡ ಕಲ್ಕತ್ತೆಯಲ್ಲಿ ಲೆಕ್ಕಪತ್ರ ಇಲಾಖೆಯಲ್ಲಿದ್ದವರೇ. ಆದರೆ ಅವರು ಪ್ರಯೋಗ ಮಾಡುತ್ತಿದ್ದದ್ದು ಕಚೇರಿಗೆ ಮೊದಲು ಮತ್ತು ಕಚೇರಿ ಮುಗಿದ ಮೇಲೆ. ಹಾಗಾಗಿ ಅವರನ್ನು ನಮ್ಮ ಪಂಗಡಕ್ಕೆ ಸೇರಿಸಿಕೊಳ್ಳಲು ಬರುವುದಿಲ್ಲ.

ಐನ್‌ಸ್ಟೈನ್ ತನ್ನ ಕಾಗದಗಳನ್ನು ಮೇಜಿನ ಡ್ರಾವರಿನಲ್ಲಿ ಇಡುತ್ತಿದ್ದನಂತೆ. ನನ್ನ ಡ್ರಾವರ್ ಎಳೆದು ನೋಡಿದೆ. ಗುಂಡುಪಿನ್ನು, ಒಣಗಿದ ಸ್ಟ್ಯಾಂಪ್ ಪ್ಯಾಡು, ಒಂದು ಕಾಲು ಮುರಿದ ಚಾಳೀಸು, ಅರ್ಧ ಪೊಟ್ಟಣ ಶೇಂಗಾ. ಇವುಗಳ ಅಡಿಯಲ್ಲಿ ಒಂದು ಜೆರಾಕ್ಸ್ ಪ್ರತಿ.

ಅದು ಒಬ್ಬ ಮುದುಕಿಯದು. ಎರಡು ವರ್ಷದ ಹಿಂದೆ ಪ್ಲಾಸ್ಟಿಕ್ ಚೀಲದಿಂದ ಒಂದು ಹಳೆಯ ಕಾಗದ ತೆಗೆದು, "ಯಪ್ಪಾ, ನಮ್ಮ ಮುತ್ಯಾನ ಕಾಲದ್ದು. ಏನ ಬರದಾರ ನೋಡಪಾ" ಅಂದಿದ್ದಳು. ನೋಡಿದರೆ ಮೋಡಿ ಲಿಪಿ. ನಮ್ಮ ಭಾಗ ಮುಂಬೈ ಪ್ರಾಂತದಲ್ಲಿದ್ದ ಕಾಲದ ಹಳೆಯ ಕಾಗದಪತ್ರಗಳಲ್ಲಿ ಈ ಲಿಪಿ ಈಗಲೂ ಸಿಗುತ್ತದೆ, ಓದುವವರು ಸಿಗುವುದಿಲ್ಲ. ಕಚೇರಿಯಲ್ಲಿ ಎಲ್ಲರೂ ಕಾಗದವನ್ನು ನೆಟ್ಟಗೆ, ತಲೆಕೆಳಗೆ, ಬೆಳಕಿಗೆ ಹಿಡಿದು ನೋಡಿ ವಾಪಸ್ ಕೊಟ್ಟರು. "ಒಂದ್ ಜೆರಾಕ್ಸ್ ಕೊಟ್ಟು ಹೋಗಬೇ, ನೋಡೋಣು" ಅಂದವನು ನಾನೇ. ಅದನ್ನು ನೋಡಿ ಈಗ ನಾಚಿಕೆಯಾಯಿತು. ಉಳಿದ ನೌಕರಿಯ ಖಾಲಿ ಹೊತ್ತೆಲ್ಲ ಮೋಡಿ ಕಲಿಯುವುದಕ್ಕೆ ಎಂದು ತೀರ್ಮಾನಿಸಿ, ಬೆಳಗಾವಿಯಿಂದ ಪುಸ್ತಕ ತರಿಸಿದೆ.

ಮೋಡಿಯಲ್ಲಿ ಮೊದಲು ಸಾಲಿನುದ್ದಕ್ಕೂ ತಲೆಗೆರೆ ಎಳೆಯಬೇಕು. ಆಮೇಲೆ ಹಗ್ಗಕ್ಕೆ ಬಟ್ಟೆ ಹರವಿದಂತೆ ಅಕ್ಷರಗಳನ್ನು ಒಂದರ ಬೆನ್ನಿಗೆ ಒಂದು ಜೋತುಬಿಡುತ್ತ ಹೋಗಬೇಕು. ಕೈ ಎತ್ತುವಂತಿಲ್ಲ. ಪದ ಪದದ ನಡುವೆ ಜಾಗ ಬಿಡುವ ರೂಢಿಯಿಲ್ಲ, ಹ್ರಸ್ವ ದೀರ್ಘದ ಗೊಡವೆಯೂ ಇಲ್ಲ. ಮರಾಠಿಯಲ್ಲಿ 'ಮೋಡಣೆ' ಅಂದರೆ ಮುರಿಯುವುದು, ಅದರಿಂದಲೇ ಈ ಹೆಸರು ಅನ್ನುತ್ತಾರೆ. ಏನು ಮುರಿಯುವುದು ಅನ್ನುವುದು ಎರಡನೇ ಪಾಠಕ್ಕೇ ನನ್ನ ಕುತ್ತಿಗೆಗೆ ಗೊತ್ತಾಯಿತು.

ಕೆಟ್ಟುಹೋದ ಪ್ರಿಂಟುಗಳ ಹಿಂಬದಿಯಲ್ಲಿ ಗೆರೆ ಎಳೆಯುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಆ ಕಡೆ ಬಂದ ತಹಶೀಲ್ದಾರರು ನನ್ನ ಬಗ್ಗಿದ ತಲೆ ನೋಡಿ, "ಇವರನ್ನ ನೋಡಿ ಕಲೀರಿ" ಎಂದು ಉಳಿದವರಿಗೆ ಹೇಳಿ ಹೋದರು.

ತೊಂದರೆ ಶುರುವಾದದ್ದು ಮೂರನೇ ಪಾಠದಲ್ಲಿ. ಪುಸ್ತಕ ತೆಗೆದು, ತಲೆಗೆರೆ ಎಳೆದು, ಮೊದಲ ಅಕ್ಷರಕ್ಕೆ ಪೆನ್ನು ಊರಿದೆ. ಪ್ರಿಂಟರು ಕೆಮ್ಮಿತು. ಸರ್ವರ್ ಬಂದಿತ್ತು. ಮರುದಿನವೂ ಹಾಗೇ. ಒಂದು ವಾರದಲ್ಲಿ ನಾಲ್ಕು ಸಲ. ನಾನು ಕಾಕತಾಳೀಯ ಅಂದುಕೊಂಡೆ, ನಮ್ಮ ಜವಾನ ಅಂದುಕೊಳ್ಳಲಿಲ್ಲ. ಐದನೇ ಸಲ ಸರ್ವರ್ ಹೋದಾಗ ಅವನೇ ಬಂದು ನನ್ನ ಡ್ರಾವರ್ ಎಳೆದು ಪುಸ್ತಕ ಎದುರಿಗಿಟ್ಟ. "ಸಾಹೇಬ್ರ, ಮಂದಿ ಭಾಳ ಐತ್ರಿ. ಒಂದೀಟು ಮೋಡಿ ಹಾಕ್ರಿ."

ಅಷ್ಟೇ, ಮಾತು ಹಬ್ಬಿತು. ಸರ್ವರ್ ಹೋದರೆ ಈಗ ಬೇವಿನ ಗಿಡದ ಕೆಳಗಿಂದಲೇ ಕೂಗುತ್ತಾರೆ: "ಮೋಡಿ ಸಾಹೇಬ್ರ ರಜಾದ ಮ್ಯಾಲೆ ಅದಾರೇನ್ರೀ?" ಒಮ್ಮೆ ಪಕ್ಕದ ಕಚೇರಿಯವರು ಪುಸ್ತಕವನ್ನು ಎರಡು ದಿನಕ್ಕೆ ಎರವಲು ಕೇಳಿದರು. ಕೊಟ್ಟೆ. ಕೆಲಸ ಮಾಡಲಿಲ್ಲವಂತೆ. ಮಾಡುವುದಿಲ್ಲ, ನಾನೇ ನೋಡಿದ್ದೇನೆ. ಪುಸ್ತಕ ಸುಮ್ಮನೆ ತೆರೆದಿಟ್ಟರೆ ಏನೂ ಆಗದು, ಮನಸ್ಸಿಟ್ಟು ಕಲಿಯಬೇಕು. ಇನ್ನೇನು ಅಕ್ಷರ ಕೈಗೆ ಹತ್ತಿತು ಅನ್ನುವಾಗಲೇ ಪ್ರಿಂಟರು ಕೆಮ್ಮುವುದು. ಇದಕ್ಕಿಂತ ಕಡಿಮೆ ಬೆಲೆಗೆ ಅದು ಒಪ್ಪಿಕೊಂಡಿಲ್ಲ.

ಹೋದ ವಾರ ಮುದುಕಿ ಮತ್ತೆ ಬಂದಿದ್ದಳು. "ಓದಿದ್ಯೇನಪಾ?" ಅಂದಳು. ಜೆರಾಕ್ಸ್ ತೆಗೆದೆ. ಮೇಲೆ 'ಶ್ರೀ' ಇದೆ, ಅದನ್ನು ಓದಿ ಹೇಳಿದೆ. ಮೂರನೇ ಸಾಲಿನಲ್ಲಿ ಅವಳ ಊರಿನ ಹೆಸರು ಸಿಕ್ಕಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದರ ಕೆಳಗೆ 'ರುಪಯೆ' ಅಂತಿತ್ತು, ಮುಂದೆ ಅಂಕಿ, ಪಕ್ಕದಲ್ಲಿ ಆಣೆಯ ಗೀಟುಗಳು. ಕೊಟ್ಟದ್ದೋ ಇಸಿದುಕೊಂಡದ್ದೋ, ಎಷ್ಟೋ ಎಂದು ಬೆರಳಿಟ್ಟು ಎಣಿಸುತ್ತಿದ್ದೆ.

ಅಷ್ಟರಲ್ಲಿ ಸರ್ವರ್ ಬಂತು.